ದರೆಯ ಹಂಸಪಾದಿ ಕುಂಡದಲ್ಲಿ ಬದುಕುವುದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಊರು, ಈಗ ಇರುವುದು ಬೆಂಗಳೂರಿನ ಮೂರನೆಯ ಮಹಡಿಯಲ್ಲಿ. ಕಳೆದ ಆಗಸ್ಟ್‌ನಲ್ಲಿ ಊರಿನ ಮನೆಯ ಹಿಂದಿನ ದರೆಯಿಂದ (ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ) ಒಂದು ಪುಟ್ಟ ಜರೀಗಿಡವನ್ನು ಕಿತ್ತು ತಂದು ಬಾಲ್ಕನಿಯ ಕುಂಡದಲ್ಲಿ ನೆಟ್ಟೆ. ಕಪ್ಪಗೆ ಹೊಳೆಯುವ ತೆಳುವಾದ ಕಡ್ಡಿ, ಅದರ ಎರಡೂ ಕಡೆ ಅರ್ಧಚಂದ್ರದ ಆಕಾರದ ಎಲೆಗಳು. ಅಕ್ಟೋಬರ್‌ವರೆಗೆ ಚೆನ್ನಾಗಿತ್ತು. ನವೆಂಬರ್‌ನಲ್ಲಿ ಹಳದಿಯಾಗತೊಡಗಿತು. ದಿನಕ್ಕೆ ಎರಡು ಸಲ ನೀರು ಹಾಕಿದೆ, ಎಲೆಗಳಿಗೂ ಸಿಂಪಡಿಸಿದೆ. ಎಲೆಯ ಅಡಿಯ ಅಂಚಿನಲ್ಲಿ ಕಂದು ಗೆರೆಗಳು ಕಂಡವು. ರೋಗವಿರಬೇಕೆಂದು ಕೀಟನಾಶಕ ಹೊಡೆದೆ. ಕೆಲವು ಎಲೆಗಳ ತುದಿ ಬಾಲದಂತೆ ಉದ್ದವಾಗಿ ಪಕ್ಕದ ಕುಂಡಕ್ಕೆ ತಾಗುತ್ತಿತ್ತು, ಅವನ್ನು ಕತ್ತರಿಸಿದೆ. ಈಗ ಫೆಬ್ರವರಿ. ಕುಂಡದಲ್ಲಿ ಒಣ ಕಡ್ಡಿಗಳಷ್ಟೇ ಇವೆ. ಮಳೆಕಾಡಿನ ಗಿಡವನ್ನು ನಗರದಲ್ಲಿ ಉಳಿಸಿಕೊಳ್ಳಲು ಸಾಧ್ಯವೇ? ಒಂದರಿಂದ ಹತ್ತು ಮಾಡುವುದು ಹೇಗೆ?

ಉತ್ತರ: ಕುಂಡವನ್ನು ನೀವಿನ್ನೂ ಎಸೆದಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಎಸೆಯಬೇಡಿ.

ನಿಮ್ಮ ವಿವರಣೆಯ ಪ್ರಕಾರ ಇದು ಅಡಿಯಾಂಟಮ್ ಫಿಲಿಪ್ಪೆನ್ಸ್. ಆಯುರ್ವೇದದವರು ಹಂಸಪಾದಿ ಎನ್ನುವ ಗಿಡ. ಹಳೆಯ ಸಸ್ಯಶಾಸ್ತ್ರದ ಬರಹಗಳಲ್ಲಿ ಅಡಿಯಾಂಟಮ್ ಲುನುಲೇಟಮ್ ಎಂಬ ಹೆಸರೂ ಸಿಗುತ್ತದೆ. ಆಫ್ರಿಕಾದಿಂದ ಫಿಲಿಪ್ಪೀನ್ಸ್‌ವರೆಗೆ ಉಷ್ಣವಲಯದ ತೇವದ ನಾಡುಗಳಲ್ಲೆಲ್ಲ ಹರಡಿರುವ ಗಿಡ ಇದು. ನಮ್ಮ ಪಶ್ಚಿಮ ಘಟ್ಟದಲ್ಲಂತೂ ಮಳೆಗಾಲ ಬಂತೆಂದರೆ ರಸ್ತೆ ಪಕ್ಕದ ದರೆ, ತೋಟದ ಅಗಳು, ಬಾವಿಯ ಒಳಗೋಡೆ ಎಲ್ಲೆಡೆ ಹಾಜರ್. ಇದರ ಬಗ್ಗೆ ತಿಳಿದಿರಬೇಕಾದ ಮೊದಲ ಸಂಗತಿ, ಇದು ಮಳೆಯ ಜೊತೆ ಬಂದು ಮಳೆಯ ಜೊತೆ ಹೋಗುವ ಗಿಡ ಎಂಬುದು. ನವೆಂಬರ್‌ನಲ್ಲಿ ಎಲೆ ಹಳದಿಯಾದದ್ದು ಕಾಯಿಲೆಯಿಂದಲ್ಲ, ನಿಮ್ಮ ಆರೈಕೆಯ ಕೊರತೆಯಿಂದಲೂ ಅಲ್ಲ. ಊರಿನ ದರೆಯಲ್ಲೂ ಅದೇ ಹೊತ್ತಿಗೆ ಅದರ ಬಂಧುಬಳಗವೆಲ್ಲ ಒಣಗಿ ಉದುರಿರುತ್ತದೆ. ನೆಲದೊಳಗೆ ಕಿರುಬೆರಳಿಗಿಂತ ಸಣ್ಣದಾದ ಒಂದು ಗುಪ್ತಕಾಂಡ ಉಳಿದಿರುತ್ತದೆ. ರೋಹಿಣಿ, ಮೃಗಶಿರಾ ಮಳೆ ಬಿದ್ದ ಮೇಲೆ ಸುರುಳಿ ಸುತ್ತಿದ ಚಿಗುರು ಅಲ್ಲಿಂದಲೇ ಏಳುತ್ತದೆ.

ಹಾಗಾದರೆ ಇಂಟರ್ನೆಟ್ಟಿನಲ್ಲಿ ಎಲ್ಲರೂ ಈ ಗಿಡದ ಮಣ್ಣು ಯಾವಾಗಲೂ ಒದ್ದೆಯಾಗಿರಬೇಕು ಎಂದೇಕೆ ಬರೆಯುತ್ತಾರೆ? ಅವರು ಬರೆಯುವುದು ಬೇರೆ ಗಿಡದ ಬಗ್ಗೆ. ನರ್ಸರಿಗಳಲ್ಲಿ ಮೇಡನ್‌ಹೇರ್ ಎಂದು ಮಾರುವುದು ಬಹುಮಟ್ಟಿಗೆ ಅಡಿಯಾಂಟಮ್ ರಾಡಿಯಾನಮ್, ದಕ್ಷಿಣ ಅಮೆರಿಕದ್ದು. ಅದರ ಎಲೆ ಎರಡು ಮೂರು ಸಲ ಕವಲೊಡೆದು ತ್ರಿಕೋನಾಕಾರವಾಗಿ ಹರಡುತ್ತದೆ, ಬೀಜಾಣುಗಳ (ಜರೀಗಿಡಕ್ಕೆ ಬೀಜದ ಬದಲು ಇರುವ ನವಿರು ಕಣಗಳ) ಗುಂಪು ಅಂಚಿನ ಕಚ್ಚುಗಳಲ್ಲಿ ಬಿಡಿಬಿಡಿ ಚುಕ್ಕೆಯಾಗಿರುತ್ತದೆ. ನಮ್ಮದರಲ್ಲಿ ಒಂದೇ ಕಡ್ಡಿ, ಎರಡು ಸಾಲು ಎಲೆ, ಹೊರಬಾಗಿನ ಉದ್ದಕ್ಕೂ ಒಂದೇ ಗೆರೆ. ರಾಡಿಯಾನಮ್ ಮಲಗುವುದಿಲ್ಲ, ವರ್ಷವಿಡೀ ಹಸಿರಾಗಿರುತ್ತದೆ, ನೀರು ತಪ್ಪಿದರೆ ಎರಡೇ ದಿನದಲ್ಲಿ ಮುರುಟುತ್ತದೆ. ಅದಕ್ಕೆ ಬರೆದ ಸಲಹೆಯನ್ನು ಹಂಸಪಾದಿಗೆ ಅನ್ವಯಿಸಿದರೆ ಮಲಗಿರುವ ಗುಪ್ತಕಾಂಡ ಕೊಳೆಯುತ್ತದೆ. ಕುಂಡದಲ್ಲಿ ಈ ಗಿಡ ಬಾಯಾರಿ ಸಾಯುವುದಕ್ಕಿಂತ ಕೊಳೆತು ಸಾಯುವುದೇ ಹೆಚ್ಚು.

ಇನ್ನೊಂದು ತಪ್ಪು ಕಲ್ಪನೆ ನಿಮ್ಮ ಪ್ರಶ್ನೆಯಲ್ಲೇ ಅಡಗಿದೆ: ಮಳೆಕಾಡಿನ ಗಿಡ. ಕಾನಿನೊಳಗೆ ಹೋಗಿ ನೋಡಿ. ದೊಡ್ಡ ಮರಗಳ ಬುಡದ ಸಮತಟ್ಟು ನೆಲದಲ್ಲಿ ಇಷ್ಟು ಸಣ್ಣ ಜರೀಗಿಡಗಳು ಸಿಗುವುದು ಅಪರೂಪ. ಅಲ್ಲಿ ದರಗು, ಅಂದರೆ ಒಣ ಎಲೆ ಬೀಳುತ್ತದೆ. ಒಂದು ಹಲಸಿನ ಎಲೆ ಅಡ್ಡಬಿದ್ದರೂ ಸಾಕು, ಬೆರಳುದ್ದದ ಸಸಿ ಕತ್ತಲಲ್ಲಿ ಕೊಳೆಯುತ್ತದೆ. ಆದ್ದರಿಂದ ಕಾಡಿನ ಸಣ್ಣ ಜರೀಗಿಡಗಳಿಗೆ ಬದುಕಲು ಸಿಗುವುದು ದರಗು ನಿಲ್ಲದ ಜಾಗಗಳು: ಹಳ್ಳದ ಪಕ್ಕದ ಕಡಿದಾದ ದಂಡೆ, ಬಂಡೆಯ ಸಂದು, ಮರದ ಕಾಂಡ, ಮನುಷ್ಯ ಕಡಿದ ದರೆ. ದರೆಯಲ್ಲಿ ಎಲೆ ಜಾರಿ ಕೆಳಗೆ ಹೋಗುತ್ತದೆ, ಬರಿಯ ಮಣ್ಣು ಬೆಳಕಿಗೆ ತೆರೆದಿರುತ್ತದೆ, ಆ ಮಣ್ಣಿನ ಮೇಲೆ ಬಿದ್ದ ಬೀಜಾಣು ಮೊಳೆಯುತ್ತದೆ. ಮಳೆ ಎಷ್ಟೇ ಸುರಿಯಲಿ, ನೀರು ಗಿಡದ ಬುಡದಲ್ಲಿ ನಿಲ್ಲುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು; ಅಲ್ಲಿನ ದರೆಯ ಹಂಸಪಾದಿಯ ಬೇರಿನ ಬಳಿ ನೀರು ಒಂದು ಗಂಟೆಯೂ ತಂಗುವುದಿಲ್ಲ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆಕಾಡಿನ ಗಿಡ ಎನ್ನುವುದಕ್ಕಿಂತ ದರೆಯ ಗಿಡ ಎಂದುಕೊಂಡು ಸಾಕಿ, ಅರ್ಧ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ.

(ಈಗೀಗ ಊರಿನಲ್ಲಿ ದರೆಗೆ ಕಳೆನಾಶಕ ಹೊಡೆದು ಬೋಳು ಮಾಡಿ ಸ್ವಚ್ಛವಾಯಿತು ಎಂದು ಸಂತೋಷಪಡುವ ಅಭ್ಯಾಸ ಬಂದಿದೆ. ಮಣ್ಣನ್ನು ಹಿಡಿದುಕೊಂಡಿದ್ದ ಹಾವಸೆ, ಜರೀಗಿಡಗಳ ಬೇರಿನ ಬಲೆ ಹೋದ ಮೇಲೆ ದರೆಯ ಮೇಲ್ಮೈ ಮಳೆಯಲ್ಲಿ ತೊಳೆದುಹೋಗುತ್ತದೆ, ಆಮೇಲೆ ಪ್ಲಾಸ್ಟಿಕ್ ಶೀಟು ಹೊದಿಸುತ್ತಾರೆ. ನಿಮ್ಮ ಮನೆಯವರಿಗೆ ಇದನ್ನು ಹೇಳುವ ಅವಕಾಶ ನಿಮಗಿದೆ.)

ಈಗ ನಿಮ್ಮ ಕುಂಡ. ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಕಡ್ಡಿಗಳು ಸೇರುವ ಬುಡವನ್ನು ಹುಡುಕಿ. ಕಂದು ಬಣ್ಣದ ಸಣ್ಣ ಹೊಟ್ಟುಗಳಿಂದ ಮುಚ್ಚಿದ ಗಟ್ಟಿ ತುಂಡು ಸಿಕ್ಕರೆ, ಉಗುರಿನಿಂದ ಒತ್ತಿದಾಗ ಅದು ಕುಗ್ಗದಿದ್ದರೆ ಜೀವ ಇದೆ. ಮೆತ್ತಗಾಗಿ ಹುಳಿ ವಾಸನೆ ಬಂದರೆ ಇಲ್ಲ. ಜೀವವಿದ್ದರೆ ಕುಂಡವನ್ನು ಬಾಲ್ಕನಿಯ ಅಂಚಿನಿಂದ ಒಳಗೆ, ಬಿಸಿಲು ತಾಗದ ಗೋಡೆಯ ಬುಡಕ್ಕೆ ತನ್ನಿ. ನೀರು ಪೂರ್ತಿ ನಿಲ್ಲಿಸಬೇಡಿ. ಇಲ್ಲಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ದರೆಯ ಹಿಂದೆ ಇಡೀ ಗುಡ್ಡದ ಮಣ್ಣಿದೆ. ಬೇಸಿಗೆಯಲ್ಲೂ ಅದು ತಣ್ಣಗಿರುತ್ತದೆ, ಒಳಗೆಲ್ಲೋ ಪಸೆ ಇರುತ್ತದೆ. ನಾಲ್ಕು ಇಂಚಿನ ಕುಂಡ ಏಪ್ರಿಲ್ ಮಧ್ಯಾಹ್ನಕ್ಕೆ ಕಾದು ಹುಡಿಯಾಗಿಬಿಡುತ್ತದೆ. ಹತ್ತು ಹನ್ನೆರಡು ದಿನಕ್ಕೊಮ್ಮೆ ಕುಂಡದ ಅಂಚಿಗೆ ಅರ್ಧ ಲೋಟ ನೀರು, ಬುಡದ ಮೇಲಲ್ಲ. ಒಣ ಕಡ್ಡಿಗಳನ್ನು ಹಾಗೆಯೇ ಬಿಡಿ. ಕೀಳಲು ಹೋದರೆ ಅವುಗಳ ಜೊತೆ ಗುಪ್ತಕಾಂಡದ ತುಂಡೂ ಬರುತ್ತದೆ. ಚಿಗುರು ಬಂದ ಮೇಲೆ ಕತ್ತರಿಯಿಂದ ಕತ್ತರಿಸಿದರಾಯಿತು.

ಮೇ ತಿಂಗಳಲ್ಲಿ ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ ಕುಂಡ ಬದಲಿಸಿ. ಮಣ್ಣಿನ ಕುಂಡವೇ ಇರಲಿ, ಆಳಕ್ಕಿಂತ ಅಗಲ ಹೆಚ್ಚಿರಲಿ, ತಳದ ತೂತು ದೊಡ್ಡದಿರಲಿ. ಮಿಶ್ರಣಕ್ಕೆ ನನ್ನ ಆಯ್ಕೆ ಹೀಗೆ: ಕಡಲೆ ಗಾತ್ರಕ್ಕೆ ಕುಟ್ಟಿದ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಎರಡು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಎರಡು ಪಾಲು, ದಪ್ಪ ಮರಳು ಮತ್ತು ಇದ್ದಿಲ ಚೂರು ಸೇರಿ ಒಂದು ಪಾಲು. ಬೆಂಗಳೂರಿನಲ್ಲಿ ಜಂಬಿಟ್ಟಿಗೆ ಸಿಗದಿದ್ದರೆ ಊರಿನಿಂದ ಒಂದು ಚೀಲ ತನ್ನಿ, ಹಗುರವಲ್ಲ, ಆದರೆ ವರ್ಷಗಟ್ಟಲೆ ಬರುತ್ತದೆ. ಅದೂ ಆಗದಿದ್ದರೆ ಸುಟ್ಟ ಇಟ್ಟಿಗೆಯ ಚೂರು. ಸಿಮೆಂಟು ಅಂಟಿದ್ದು ಬೇಡ. ಬರೀ ಕೋಕೋಪೀಟ್‌ನಲ್ಲಿ ನೆಡುವುದನ್ನು ನಾನು ಒಪ್ಪುವುದಿಲ್ಲ. ಅದು ಮೊದಲ ವರ್ಷ ಸೊಗಸಾಗಿರುತ್ತದೆ, ಎರಡನೆಯ ಮಳೆಗಾಲಕ್ಕೆ ಕುಸಿದು ಗಾಳಿಯಾಡದ ಮುದ್ದೆಯಾಗುತ್ತದೆ. ನೆಡುವಾಗ ಗುಪ್ತಕಾಂಡದ ತುದಿ ಮಣ್ಣಿನ ಮಟ್ಟದಲ್ಲೋ ತುಸು ಮೇಲೋ ಇರಲಿ. ಸಾಧ್ಯವಾದರೆ ಮಿಶ್ರಣವನ್ನು ಒಂದು ಬದಿಗೆ ಏರಿಸಿ ಇಳಿಜಾರು ಮಾಡಿ, ಜಂಬಿಟ್ಟಿಗೆಯ ಒಂದು ದೊಡ್ಡ ತುಂಡನ್ನು ಒರಗಿಸಿ, ಅದರ ಪಕ್ಕದಲ್ಲಿ ಓರೆಯಾಗಿ ನೆಡಿ. ದರೆಯಲ್ಲಿ ಅದು ನಿಂತಿದ್ದುದು ಹಾಗೆಯೇ.

ಗೊಬ್ಬರದ ವಿಚಾರ ಬೇಗ ಮುಗಿಸುತ್ತೇನೆ: ಎಲೆಗೊಬ್ಬರ ಸಾಕು. ಹಸಿ ಸಗಣಿ, ಯೂರಿಯಾ ಎರಡೂ ಬೇಡ, ಎಳೆಯ ಬೇರು ಸುಡುತ್ತದೆ. ಕೊಡಲೇಬೇಕೆನಿಸಿದರೆ ದ್ರವರೂಪದ ಗೊಬ್ಬರವನ್ನು ಪೊಟ್ಟಣದ ಮೇಲೆ ಬರೆದುದರ ಕಾಲು ಪ್ರಮಾಣದಲ್ಲಿ, ಮಳೆಗಾಲದಲ್ಲಿ ಮಾತ್ರ, ತಿಂಗಳಿಗೊಮ್ಮೆ.

ನೀರಿನ ವಿಚಾರ ಅಷ್ಟು ಸುಲಭವಲ್ಲ. ಮಲೆನಾಡಿನ ಕೆಂಪು ಜಂಬೆ ಮಣ್ಣು ಹುಳಿ ಗುಣದ್ದು, ಅಲ್ಲಿನ ಮಳೆನೀರಿನಲ್ಲಿ ಲವಣ ಇಲ್ಲವೇ ಇಲ್ಲ ಎನ್ನಬಹುದು. ಬೆಂಗಳೂರಿನ ಕೊಳವೆಬಾವಿ ನೀರು ಗಡಸು. ಕುಂಡದ ಹೊರಮೈಯಲ್ಲಿ ಬಿಳಿ ಪುಡಿ ಕಟ್ಟುತ್ತಿದ್ದರೆ ಅದೇ ಸಾಕ್ಷಿ. ಕೆಲವು ತಿಂಗಳಲ್ಲಿ ಹೊಸ ಎಲೆಗಳು ಪೇಲವವಾಗುತ್ತವೆ, ಅಂಚು ಕಂದಾಗುತ್ತದೆ. ಸುಲಭದ ದಾರಿ ಮಳೆನೀರು. ಈ ಗಿಡಕ್ಕೆ ಹೆಚ್ಚು ನೀರು ಬೇಕಾಗುವುದು ಮಳೆಗಾಲದಲ್ಲೇ ಆದ್ದರಿಂದ ಬಾಲ್ಕನಿಯಲ್ಲಿ ಒಂದು ಬಕೆಟ್ ಇಟ್ಟರೂ ಸಾಕಾಗುತ್ತದೆ. ಮಳೆ ಕೈಕೊಟ್ಟ ವಾರಗಳಲ್ಲಿ ಮನೆಯ ಆರ್.ಒ. ಯಂತ್ರದ ಶುದ್ಧ ನೀರನ್ನು ಬಳಸಬಹುದು. ಆ ಯಂತ್ರ ಹೊರಹಾಕುವ ನೀರನ್ನಲ್ಲ. ಲವಣವೆಲ್ಲ ಇರುವುದು ಅದರಲ್ಲೇ.

ಬೆಂಗಳೂರಿನಲ್ಲಿ ಈ ಗಿಡದ ದೊಡ್ಡ ಶತ್ರು ಗಾಳಿ. ತೀರ್ಥಹಳ್ಳಿಯಲ್ಲಿ ಆರಿದ್ರಾ, ಪುನರ್ವಸು ಮಳೆ ಜಡಿಯುವ ಹೊತ್ತಿಗೆ ಇಲ್ಲಿ ಜೂನ್, ಜುಲೈ ತಿಂಗಳಲ್ಲಿ ಪಶ್ಚಿಮದಿಂದ ದಿನವಿಡೀ ಗಾಳಿ ಬೀಸುತ್ತಿರುತ್ತದೆ, ಮಳೆ ಮಾತ್ರ ತುಂತುರು. ನಗರದ ಒಳ್ಳೆಯ ಮಳೆ ಬರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹಂಸಪಾದಿಯ ಎಲೆ ಬಹಳ ತೆಳು, ಆ ಗಾಳಿಗೆ ಅಂಚು ಸುಟ್ಟಂತಾಗುತ್ತದೆ. ನಿಮ್ಮ ಬಾಲ್ಕನಿ ಪಶ್ಚಿಮಕ್ಕಿದ್ದರೆ ಆ ಎರಡು ತಿಂಗಳು ದೊಡ್ಡ ಎಲೆಯ ಗಿಡಗಳ ಹಿಂದೆ, ಮೊಣಕಾಲೆತ್ತರಕ್ಕಿಂತ ಕೆಳಗೆ ಇಡಿ. ಬೆಳಗಿನ ಒಂಬತ್ತು ಗಂಟೆಯವರೆಗಿನ ಬಿಸಿಲು ಒಳ್ಳೆಯದೇ. ಆಮೇಲೆ ಪ್ರಕಾಶಮಾನವಾದ ನೆರಳು. ಕತ್ತಲೆ ಮೂಲೆಯಲ್ಲಿಟ್ಟರೆ ಕಡ್ಡಿಗಳು ಉದ್ದುದ್ದ ಬೆಳೆದು ಬಾಗುತ್ತವೆ, ಬೀಜಾಣು ಕಟ್ಟುವುದಿಲ್ಲ.

ಎಲೆಗೆ ನೀರು ಸಿಂಪಡಿಸುವುದರಿಂದ ಏನೂ ಪ್ರಯೋಜನವಿಲ್ಲ. ಇದರ ಎಲೆಯ ಮೇಲೆ ನೀರು ನಿಲ್ಲುವುದೇ ಇಲ್ಲ. ಹನಿಗಳು ಮುತ್ತಾಗಿ ಉರುಳಿಹೋಗುತ್ತವೆ, ನೀವೇ ನೋಡಿರುತ್ತೀರಿ. ಗಾಳಿಯಲ್ಲಿ ಹೆಚ್ಚಿದ ತೇವ ಕೆಲವೇ ನಿಮಿಷಗಳಲ್ಲಿ ಮಾಯವಾಗುತ್ತದೆ, ಉರುಳಿದ ನೀರು ಬುಡದಲ್ಲಿ ನಿಂತು ಕೊಳೆಸುತ್ತದೆ. ಅದರ ಬದಲು ಅಗಲ ತಟ್ಟೆಯಲ್ಲಿ ಜಲ್ಲಿ ಹರಡಿ, ಜಲ್ಲಿಯ ಮೇಲ್ಮಟ್ಟಕ್ಕಿಂತ ಕೆಳಗಿರುವಂತೆ ನೀರು ಹಾಕಿ, ನಾಲ್ಕೈದು ಕುಂಡಗಳನ್ನು ಒತ್ತೊತ್ತಾಗಿ ಅದರ ಮೇಲೆ ಕೂರಿಸಿ. ಒಂದಕ್ಕೊಂದು ಆಸರೆಯಾಗಿ ತಮ್ಮ ಸುತ್ತಲಿನ ತೇವವನ್ನು ತಾವೇ ಹಿಡಿದಿಟ್ಟುಕೊಳ್ಳುತ್ತವೆ.

ಇನ್ನು ನೀವು ರೋಗವೆಂದು ತಿಳಿದು ವಿಷ ಹೊಡೆದ ಕಂದು ಗೆರೆಗಳು. ಅವೇ ಈ ಗಿಡದ ಸಂತಾನ. ಎಲೆಯ ಅಂಚು ಹಿಂದಕ್ಕೆ ಮಡಚಿಕೊಂಡು, ಆ ಮಡಿಕೆಯ ಒಳಮೈಯಲ್ಲಿ ಬೀಜಾಣುಗಳ ಚೀಲಗಳು ಸಾಲಾಗಿ ಕೂತಿರುತ್ತವೆ. ರೋಗದ ಕಲೆ ಹೀಗೆ ಅಂಚು ಹಿಡಿದು, ಪ್ರತಿ ಎಲೆಯಲ್ಲೂ ಒಂದೇ ಅಳತೆಯಲ್ಲಿ ಬರುವುದಿಲ್ಲ. ಜರೀಗಿಡಗಳು ಕೀಟನಾಶಕ, ಬೇವಿನೆಣ್ಣೆ, ಸೋಪಿನ ನೀರು ಯಾವುದನ್ನೂ ಚೆನ್ನಾಗಿ ತಾಳಿಕೊಳ್ಳುವುದಿಲ್ಲ. ಬಿಳಿ ಹಿಟ್ಟು ತಿಗಣೆ ಕಂಡರೆ ಒದ್ದೆ ಬ್ರಷ್ಷಿನಿಂದ ತೆಗೆಯಿರಿ. ಬಸವನಹುಳು ನಿಜವಾದ ಪೀಡೆ. ರಾತ್ರಿ ಬಂದು ಸುರುಳಿ ಚಿಗುರನ್ನು ಬುಡದಿಂದಲೇ ತಿಂದುಬಿಡುತ್ತದೆ, ಬೆಳಿಗ್ಗೆ ನೋಡಿದರೆ ಚಿಗುರೇ ಬಂದಿರಲಿಲ್ಲವೇನೋ ಎನಿಸುತ್ತದೆ. ಟಾರ್ಚು ಹಿಡಿದು ಹೆಕ್ಕುವುದೇ ಉಪಾಯ. ಮೂರನೆಯ ಮಹಡಿಗೆ ಹೇಗೆ ಬರುತ್ತದೆ ಎಂದು ಕೇಳಬೇಡಿ. ನರ್ಸರಿಯಿಂದ ತಂದ ಕುಂಡದ ತಳದಲ್ಲಿ ಕೂತು ಲಿಫ್ಟಿನಲ್ಲೇ ಬರುತ್ತದೆ.

ನೀವು ಕತ್ತರಿಸಿದ ಬಾಲಗಳು, ಒಂದರಿಂದ ಹತ್ತು ಮಾಡುವ ನಿಮ್ಮ ಪ್ರಶ್ನೆಗೆ ಗಿಡವೇ ಕೊಡುತ್ತಿದ್ದ ಉತ್ತರ. ಮಳೆಗಾಲ ನಡುವಿಗೆ ಬರುವ ಹೊತ್ತಿಗೆ ಬಲಿತ ಎಲೆಗಳ ನಡುಕಡ್ಡಿ ಕೊನೆಯ ಅರ್ಧಚಂದ್ರದ ಕಿರುಎಲೆಯನ್ನು ದಾಟಿ ಬರಿಯ ದಾರವಾಗಿ ಮುಂದುವರಿಯುತ್ತದೆ. ಅದರ ತುದಿಯಲ್ಲಿ ಒಂದು ಮೊಗ್ಗು ಇರುತ್ತದೆ. ಕಡ್ಡಿ ಬಾಗಿ ತುದಿ ಒದ್ದೆ ಮಣ್ಣಿಗೆ ತಾಗಿದರೆ ಅಲ್ಲೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಆ ಹೊಸ ಗಿಡದ ಎಲೆ ಮತ್ತೆ ಬಾಗಿ ಇನ್ನೊಂದು. ದರೆಯ ಮೇಲೆ ಹಂಸಪಾದಿ ಒಂದೇ ಕಡೆ ಗುಂಪುಗುಂಪಾಗಿ ಇರುವುದಕ್ಕೆ ಇದೇ ಕಾರಣ, ಬೀಜಾಣುಗಳಿಗಿಂತ ಹೆಚ್ಚಾಗಿ.

ಇದನ್ನು ಕುಂಡದಲ್ಲಿ ಮಾಡಿಸುವುದು ಕಷ್ಟವಲ್ಲ. ತಾಯಿ ಕುಂಡದ ಸುತ್ತ ಎರಡು ಇಂಚಿನ ಸಣ್ಣ ಕುಂಡಗಳನ್ನು ಅದೇ ಮಿಶ್ರಣ ತುಂಬಿ ಇಡಿ, ಮೇಲೆ ಒಂದು ಪದರ ಹಾವಸೆ ಇದ್ದರೆ ಇನ್ನೂ ಒಳ್ಳೆಯದು. ಬಾಲದ ತುದಿಯನ್ನು ಅದರ ಮೇಲಿಟ್ಟು, ತೆಂಗಿನ ಗರಿಯ ಕಡ್ಡಿಯನ್ನು ಬಾಗಿಸಿ ಸಣ್ಣ ಕೊಕ್ಕೆಯಂತೆ ಮಾಡಿ ಹಿಂಭಾಗದಲ್ಲಿ ಒತ್ತಿ ಹಿಡಿಸಿ. ಮೊಗ್ಗನ್ನು ಹೂಳಬೇಡಿ, ತಾಗಿದರೆ ಸಾಕು. ಸಣ್ಣ ಕುಂಡದ ಮೇಲ್ಮೈ ಒಣಗದಂತೆ ನೋಡಿಕೊಳ್ಳಿ. ಮಳೆಗಾಲದ ಹವೆಯಲ್ಲಿ ಕೆಲವೇ ವಾರಗಳಲ್ಲಿ ಬೇರು ಹಿಡಿಯುತ್ತದೆ, ಮೊದಲ ಪುಟ್ಟ ಎಲೆ ಕಾಣಿಸುತ್ತದೆ. ಆಗಲೇ ಕತ್ತರಿಸುವ ಆಸೆಯಾಗುತ್ತದೆ, ತಡೆಯಿರಿ. ಮರಿಗೆ ತನ್ನದೇ ಮೂರು ನಾಲ್ಕು ಎಲೆ ಬಂದ ಮೇಲೆ ಮಾತ್ರ ತಾಯಿಯ ಕಡ್ಡಿಯನ್ನು ಕತ್ತರಿಸಿ. ಈ ಕೆಲಸಕ್ಕೆ ಒಳ್ಳೆಯ ಹೊತ್ತು ಮಳೆಗಾಲದ ಮೊದಲರ್ಧ, ಅಂದರೆ ಪುಷ್ಯ, ಆಶ್ಲೇಷಾ ಮಳೆಯ ಒಳಗೆ. ಕಾರಣ ಸರಳ: ಡಿಸೆಂಬರ್‌ಗೆ ಮುಂಚೆ ಮರಿ ತನಗಾಗಿ ಒಂದು ಗುಪ್ತಕಾಂಡವನ್ನು ಕಟ್ಟಿಕೊಳ್ಳಬೇಕು. ಅಕ್ಟೋಬರ್‌ನಲ್ಲಿ ಬೇರು ಬಿಟ್ಟ ಮರಿಗೆ ಮಲಗಲು ಹಾಸಿಗೆಯೇ ಇರುವುದಿಲ್ಲ, ಮೊದಲ ಬೇಸಿಗೆಯಲ್ಲೇ ಹೋಗುತ್ತದೆ. ತಡವಾಗಿ ಬಂದ ಬಾಲಗಳನ್ನು ಹಾಗೆಯೇ ತಾಯಿ ಕುಂಡದಲ್ಲೇ ಬೇರೂರಲು ಬಿಡಿ.

ಗಡ್ಡೆ ಒಡೆದು ಪಾಲು ಮಾಡುವ ವಿಧಾನವನ್ನು ಪುಸ್ತಕಗಳು ಹೇಳುತ್ತವೆ. ಹಂಸಪಾದಿಯ ಗುಪ್ತಕಾಂಡ ಗಿಡ್ಡ, ಹೆಚ್ಚೂಕಡಿಮೆ ನೆಟ್ಟಗೆ ನಿಂತಿರುವಂಥದ್ದು, ಹರಿದು ಹಬ್ಬುವುದಿಲ್ಲ. ಒಡೆಯಲು ಅಲ್ಲಿ ಏನೂ ಇಲ್ಲ. ಬೇರೆಬೇರೆ ಮರಿಗಳು ಒಟ್ಟಿಗೆ ಬೆಳೆದು ಗುಂಪಾಗಿದ್ದರೆ ಮಾತ್ರ ಮಳೆ ಶುರುವಾದಾಗ ಬಿಡಿಸಬಹುದು.

ಬಾಲದ ದಾರಿ ಇಷ್ಟು ಸುಲಭವಿರುವಾಗ ಬೀಜಾಣುಗಳ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಹತ್ತು ಗಿಡ ಸಾಕೆನ್ನುವವರಿಗೆ ಬೇಡ. ಆದರೆ ಒಂದು ಎಲೆಯಲ್ಲಿ ಸಾವಿರಾರು ಬೀಜಾಣುಗಳಿರುತ್ತವೆ, ಒಂದು ಎಲೆಯನ್ನು ಕಾಗದದಲ್ಲಿ ಮಡಚಿ ತಂದರೆ ಗಿಡವನ್ನು ಕೀಳುವ ಅಗತ್ಯವೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಜರೀಗಿಡ ಹುಟ್ಟುವ ಬಗೆ ನೋಡಲೇಬೇಕಾದ ಸಂಗತಿ. ಬೀಜಾಣುವಿನಿಂದ ನೇರವಾಗಿ ಜರೀಗಿಡ ಬರುವುದಿಲ್ಲ. ಮೊದಲು ಬರುವುದು ಪ್ರೋಥಾಲಸ್ ಎಂಬ ಹಸಿರು ಹಾಳೆ, ಬೆಳೆದಾಗಲೂ ಅರ್ಧ ಸೆಂಟಿಮೀಟರಿನ ಆಸುಪಾಸು, ಹೃದಯದ ಆಕಾರ, ನೆಲಕ್ಕೆ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ ಅದರ ಅಡಿಯಲ್ಲಿ ಗಂಡು, ಹೆಣ್ಣು ಅಂಗಗಳು ಮೂಡಿ, ಗಂಡು ಕೋಶಗಳು ನೀರಿನ ತೆಳು ಪೊರೆಯಲ್ಲಿ ಈಜಿ ಹೆಣ್ಣು ಕೋಶವನ್ನು ಸೇರಬೇಕು. ಆಮೇಲೆ ಜರೀಗಿಡ. ಹಂಸಪಾದಿಯಲ್ಲಿ ಇನ್ನೊಂದು ಬಗೆಯೂ ಉಂಟು. ಕೋಶದಲ್ಲಿ ವರ್ಣತಂತುಗಳ ಎರಡರ ಬದಲು ಮೂರು ಕಟ್ಟುಗಳಿರುವ ಗಿಡಗಳಲ್ಲಿ ಈ ಕೂಡುವಿಕೆ ನಡೆಯುವುದೇ ಇಲ್ಲ, ಪ್ರೋಥಾಲಸ್‌ನ ಮೈಯಿಂದಲೇ ಮರಿ ಎದ್ದುಬರುತ್ತದೆ. ನಿಮ್ಮ ದರೆಯದು ಯಾವ ಬಗೆ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ, ಆದ್ದರಿಂದ ನೀರಿನ ಪೊರೆ ಬೇಕೆಂದೇ ಇಟ್ಟುಕೊಂಡು ಕೆಲಸ ಮಾಡಿ.

ಎಲೆಯನ್ನು ಆರಿಸುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಂಚಿನ ಗೆರೆ ತಿಳಿಹಸಿರಾಗಿದ್ದರೆ ಎಳೆಯದು. ಕಡುಕಂದಾಗಿ ಹೊಳೆಯುತ್ತಿದ್ದರೆ ಸರಿ. ತಿಳಿಕಂದಾಗಿ ಹರಿದ ನಾರಿನಂತೆ ಕಂಡರೆ ಬೀಜಾಣುಗಳು ಆಗಲೇ ಹಾರಿಹೋಗಿವೆ. ಅಗ್ಗದ ಭೂತಗನ್ನಡಿಯೊಂದಿದ್ದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಎಲೆಯನ್ನು ಬೆನ್ನು ಕೆಳಗಾಗಿ ನುಣುಪಾದ ಬಿಳಿ ಕಾಗದದ ಮೇಲಿಟ್ಟು, ಮಡಚಿ, ಫ್ಯಾನಿನ ಗಾಳಿ ತಾಗದಂತೆ ಎರಡು ದಿನ ಇಡಿ. ತೆರೆದಾಗ ಕಂದು ಪುಡಿ ಬಿದ್ದಿರುತ್ತದೆ. ಅದೆಲ್ಲವೂ ಬೀಜಾಣುವಲ್ಲ, ಒಡೆದ ಚೀಲಗಳ ಹೊಟ್ಟೂ ಸೇರಿರುತ್ತದೆ, ಶಿಲೀಂಧ್ರ ಹಿಡಿಯುವುದು ಆ ಹೊಟ್ಟಿನಿಂದಲೇ. ಕಾಗದವನ್ನು ಓರೆ ಮಾಡಿ ಬೆರಳಿನಿಂದ ತಟ್ಟಿ: ಹೊಟ್ಟು ಮೊದಲು ಜಾರುತ್ತದೆ, ನವಿರಾದ ಬೀಜಾಣು ಕಾಗದಕ್ಕೆ ಅಂಟಿ ಹಿಂದೆ ಉಳಿಯುತ್ತದೆ. ಕಾಗದದ ಪೊಟ್ಟಣದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ಮುಂದಿನ ವರ್ಷಕ್ಕೂ ಕೆಲಸಕ್ಕೆ ಬರುತ್ತದೆ. ಪ್ಲಾಸ್ಟಿಕ್ ಕವರು ಬೇಡ, ಪಸೆ ಕಟ್ಟುತ್ತದೆ.

ಬಿತ್ತಲು ಮುಚ್ಚಳವಿರುವ ಪಾರದರ್ಶಕ ಡಬ್ಬಿ ಬೇಕು. ಒಳಗೆ ಎರಡು ಇಂಚಿನಷ್ಟು ಜರಡಿ ಹಿಡಿದ ಎಲೆಗೊಬ್ಬರ, ಸಣ್ಣ ಜಂಬಿಟ್ಟಿಗೆ ಪುಡಿ ಸಮಪಾಲು. ಅದರ ಮೇಲೆ ಕುದಿಯುವ ನೀರನ್ನು ಧಾರಾಳವಾಗಿ ಸುರಿದು, ಹೆಚ್ಚಾದದ್ದನ್ನು ಬಸಿದು, ಮುಚ್ಚಳ ಹಾಕಿ ತಣಿಯಲು ಬಿಡಿ. ಈ ಹಂತವನ್ನು ಬಿಟ್ಟರೆ ಡಬ್ಬಿಯಲ್ಲಿ ಬೆಳೆಯುವುದು ಹಾವಸೆ ಮತ್ತು ಬೂಷ್ಟು, ಬೇರೇನೂ ಅಲ್ಲ. ಇನ್ನೊಂದು ಹಳೆಯ ಉಪಾಯ ನನಗೆ ಹೆಚ್ಚು ಇಷ್ಟ: ಅಂಗೈಯಗಲದ ಇಟ್ಟಿಗೆ ಅಥವಾ ಜಂಬಿಟ್ಟಿಗೆ ತುಂಡನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ, ಡಬ್ಬಿಯಲ್ಲಿ ಅರ್ಧ ಇಂಚು ಕುದಿಸಿ ಆರಿಸಿದ ಮಳೆನೀರಿನಲ್ಲಿ ನಿಲ್ಲಿಸಿ, ಅದರ ಮೇಲ್ಮೈಗೇ ಬೀಜಾಣು ಉದುರಿಸುವುದು. ಕಲ್ಲು ನೀರನ್ನು ಹೀರಿಕೊಳ್ಳುತ್ತಲೇ ಇರುತ್ತದೆ, ಮೇಲಿನಿಂದ ನೀರು ಹಾಕುವ ಪ್ರಸಂಗವೇ ಬರುವುದಿಲ್ಲ.

ಬೀಜಾಣುಗಳನ್ನು ತೆಳುವಾಗಿ ಉದುರಿಸಿ. ಕಣ್ಣಿಗೆ ಪುಡಿ ಕಾಣಿಸುತ್ತಿದ್ದರೆ ಹೆಚ್ಚಾಯಿತು ಎಂದೇ ಅರ್ಥ. ದಟ್ಟವಾದರೆ ಪ್ರೋಥಾಲಸ್‌ಗಳು ಕುಬ್ಜವಾಗಿ ಉಳಿಯುತ್ತವೆ, ಬಹುಪಾಲು ಗಂಡು ಅಂಗಗಳನ್ನಷ್ಟೇ ಬಿಟ್ಟು ನಿಂತುಬಿಡುತ್ತವೆ. ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಮುಚ್ಚಳ ಹಾಕಿ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ಇಡಿ. ಬಿಸಿಲು ಬಿದ್ದರೆ ಮುಚ್ಚಿದ ಡಬ್ಬಿ ಅರ್ಧ ಗಂಟೆಯಲ್ಲಿ ಬೇಯುತ್ತದೆ. ಎರಡು ಮೂರು ವಾರಗಳಲ್ಲಿ ಹಸಿರು ಮಸುಕು, ಎರಡು ತಿಂಗಳ ಹೊತ್ತಿಗೆ ಪುಟ್ಟ ಹೃದಯಗಳು. ಮಸುಕು ಎಳೆಎಳೆಯಾಗಿದ್ದರೆ ಅದು ಹಾವಸೆಯೂ ಆಗಿರಬಹುದು, ಚಪ್ಪಟೆಯಾಗುವವರೆಗೆ ಕಾಯಿರಿ. ಬೂಷ್ಟು ಕಂಡಲ್ಲಿ ಚಮಚದಿಂದ ಆ ಭಾಗವನ್ನು ಸುತ್ತಲಿನ ಮಣ್ಣಿನ ಸಮೇತ ಎತ್ತಿ ಬಿಸಾಡಿ. ಹೃದಯದ ಆಕಾರ ಸ್ಪಷ್ಟವಾದ ಮೇಲೆ ವಾರಕ್ಕೊಮ್ಮೆ ಕುದಿಸಿ ಆರಿಸಿದ ನೀರನ್ನು ಮಂಜಿನಂತೆ ಸಿಂಪಡಿಸಿ. ಎಲೆಗೆ ಬೇಡವೆಂದ ಸ್ಪ್ರೇ ಬಾಟಲಿಗೆ ಇಲ್ಲಿ ಕೆಲಸ ಇದೆ. ಬಿತ್ತಿದ ಮೂರರಿಂದ ಐದು ತಿಂಗಳಲ್ಲಿ ಹೃದಯದ ಸೀಳಿನಿಂದ ಮೊದಲ ನಿಜವಾದ ಎಲೆ ಏಳುತ್ತದೆ. ಒಂದೇ ಒಂದು ಬೀಸಣಿಗೆಯಂಥ ಎಲೆ, ತಾಯಿಯ ಹೋಲಿಕೆ ಇರುವುದಿಲ್ಲ, ಗಾಬರಿಯಾಗಬೇಡಿ.

ಮುಚ್ಚಿದ ಗಾಜಿನೊಳಗೆ ಜರೀಗಿಡ ಬದುಕುತ್ತದೆ ಎಂಬುದು ಗೊತ್ತಾದದ್ದು ಒಂದು ಪತಂಗದಿಂದ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಸುಮಾರು 1829ರಲ್ಲಿ ಪತಂಗವೊಂದರ ಕೋಶವನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಹಾಕಿ ಮುಚ್ಚಿದ್ದರು; ಅವರ ಮನೆಯಂಗಳದ ಹೊಗೆಯಲ್ಲಿ ಜರೀಗಿಡಗಳು ಬದುಕುತ್ತಿರಲಿಲ್ಲ, ಬಾಟಲಿಯಲ್ಲಿ ತಾನಾಗಿಯೇ ಒಂದು ಮೊಳೆಯಿತು. ಮುಂದೆ ಅದೇ ತತ್ವದ ಗಾಜಿನ ಪೆಟ್ಟಿಗೆಗಳಲ್ಲಿ ಚೀನಾದ ಚಹಾ ಸಸಿಗಳು ಹಡಗಿನಲ್ಲಿ ಭಾರತಕ್ಕೆ ಬಂದವು. ಬ್ರಿಟನ್ನಿನಲ್ಲಿ ಮನೆಮನೆಗೂ ಜರೀಗಿಡದ ಹುಚ್ಚು ಹತ್ತಿದ್ದೂ ಆ ಪೆಟ್ಟಿಗೆಗಳಿಂದಲೇ. ಸಂಗ್ರಹಕಾರರು ಕಿತ್ತು ಕಿತ್ತು ಅಲ್ಲಿನ ಕಿಲಾರ್ನಿ ಫರ್ನ್‌ನಂಥ ಜಾತಿಗಳು ಅಳಿವಿನ ಅಂಚಿಗೆ ಹೋದವು.

ಅಕ್ಟೋಬರ್‌ನಲ್ಲಿ ಬಿತ್ತಿದರೆ ಮರಿಗಳು ಏಳುವುದು ಬೇಸಿಗೆಯಲ್ಲಿ, ತಾಯಿ ಮಲಗಿರುವಾಗ. ಅವುಗಳನ್ನು ಮಲಗಿಸಲು ಹೋಗಬೇಡಿ. ಮೇಲೆ ಹೇಳಿದ ತಡವಾದ ಬಾಲಗಳ ಮಾತೇ ಇಲ್ಲಿಗೂ: ಇನ್ನೂ ಗುಪ್ತಕಾಂಡವಿಲ್ಲದ ಮರಿ ಒಣಗಿದರೆ ಮುಗಿಯಿತು. ಮೊದಲ ಬೇಸಿಗೆ ಪೂರ್ತಿ ಡಬ್ಬಿಯೊಳಗೇ ಇರಲಿ. ಎರಡು ಎಲೆಯಾದ ಗುಂಪುಗಳನ್ನು ಒಂದು ಸೆಂಟಿ ಅಗಲದ ಹೆಂಟೆಗಳಾಗಿ ಎತ್ತಿ ಇನ್ನೊಂದು ಡಬ್ಬಿಗೆ ಅಂತರ ಬಿಟ್ಟು ನೆಡಿ. ಒಂಟಿಯಾಗಿ ಬಿಡಿಸಲು ಹೋದರೆ ಬೇರು ಹರಿಯುತ್ತದೆ. ಮಳೆ ಹಿಡಿದ ಮೇಲೆ ದಿನಕ್ಕೆ ಸ್ವಲ್ಪ ಹೊತ್ತು ಮುಚ್ಚಳ ತೆರೆದು, ಎರಡು ಮೂರು ವಾರಗಳಲ್ಲಿ ಹೊರಗಿನ ಗಾಳಿಗೆ ಒಗ್ಗಿಸಿ.

ಕೊನೆಯದಾಗಿ ಗಿಡ ತರುವ ವಿಚಾರ. ನಿಮ್ಮ ಸ್ವಂತ ಜಾಗದ ದರೆಯಿಂದ ತಂದಿದ್ದೀರಿ, ಅಡ್ಡಿಯಿಲ್ಲ. ಇದನ್ನು ಓದಿ ಬೇರೆಯವರು ಆಗುಂಬೆ, ಕುದುರೆಮುಖದ ರಸ್ತೆಯಲ್ಲಿ ಕಾರು ನಿಲ್ಲಿಸುವ ಮೊದಲು ತಿಳಿದಿರಲಿ: ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಉಳಿದ ಸರ್ಕಾರಿ ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಹಂಸಪಾದಿಯಂಥ ಸಾಮಾನ್ಯ ಗಿಡದ ಜೊತೆ, ಗುರುತು ಸಿಗದೆ ಅಪರೂಪದ್ದೂ ಚೀಲ ಸೇರುವ ಅಪಾಯ ಯಾವಾಗಲೂ ಇರುತ್ತದೆ. ಘಟ್ಟದ ಜರೀಗಿಡಗಳನ್ನು ಸಾಕಿ ಉಳಿಸುವ ಕೆಲಸ ನೋಡಬೇಕೆಂದರೆ ವಯನಾಡಿನ ಪೆರಿಯದಲ್ಲಿರುವ ಗುರುಕುಲ ಸಸ್ಯಧಾಮವಿದೆ. ಮಡಿಕೇರಿ, ಮೈಸೂರಿನ ಕಡೆಯವರಿಗೆ ದೂರವೇನಲ್ಲ.

ಜೂನ್ ಮುಗಿದರೂ ನಿಮ್ಮ ಕುಂಡದಲ್ಲಿ ಸುರುಳಿ ಚಿಗುರು ಕಾಣದಿದ್ದರೆ ಅದನ್ನು ಖಾಲಿ ಮಾಡಿ, ಮಿಶ್ರಣವನ್ನು ಬಿಸಿಲಿಗೆ ಹರಡಿ. ಆಗಸ್ಟ್‌ನಲ್ಲಿ ಊರಿಗೆ ಹೋದಾಗ ತಾಯಿ ಗಿಡಕ್ಕೆ ಕೈ ಹಾಕದೆ, ಆಗಲೇ ಬೇರು ಬಿಟ್ಟಿರುವ ಮೂರು ನಾಲ್ಕು ಮರಿಗಳನ್ನು ಎರಡು ಬೆರಳಗಲದ ಮಣ್ಣಿನ ಸಮೇತ ಚೂರಿಯಿಂದ ಎತ್ತಿ, ಒದ್ದೆ ಹಾವಸೆ ಸುತ್ತಿ, ಸ್ಟೀಲಿನ ಊಟದ ಡಬ್ಬಿಯಲ್ಲಿಡಿ. ರಾತ್ರಿ ಬಸ್ಸಿನಲ್ಲಿ ಬನ್ನಿ. ಬೆಳಿಗ್ಗೆ ಮನೆ ತಲುಪಿದೊಡನೆ ಮುಚ್ಚಳ ತೆಗೆಯಿರಿ, ಸಂಜೆ ನೆಡಿ. ಒಂದೊಂದಕ್ಕೂ ನಾಲ್ಕು ಇಂಚಿನ ಕುಂಡ ಸಾಕು. ದೊಡ್ಡ ಕುಂಡದ ಮಣ್ಣು ಬೇಗ ಆರುವುದಿಲ್ಲ.